ದೋಣಿಯ ಕಂದು ಕಲೆಗೆ ಆಕ್ಸಾಲಿಕ್ ಪುಡಿ: ಕೆಲವು ವರ್ಷ ಬಳಸಿದ ಮೇಲೆ

ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಕಾಂಡ್ಲಾ ಕಾಡು ತೋರಿಸಲು ಕರೆದೊಯ್ಯುವ ಬಿಳಿ ಫೈಬರ್ ದೋಣಿ ನಮ್ಮದು. ನೀರಿನ ಮಟ್ಟದಲ್ಲಿ ಸುತ್ತಲೂ ಮೂಡುವ ಕಂದು ಪಟ್ಟಿ ತೆಗೆಯಲು ಕೆಲವು ವರ್ಷಗಳಿಂದ ಆಕ್ಸಾಲಿಕ್ ಆಸಿಡ್ ಪುಡಿ ಬಳಸುತ್ತಿದ್ದೇನೆ. ಮಾರ್ಬಲ್ ಪಾಲಿಶ್ ಮಾಡುವವರು ಉಪಯೋಗಿಸುತ್ತಾರಲ್ಲ, ಅದೇ ಪುಡಿ. ಕಂದು ಕಲೆಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬೇರೆ ಕಲೆಗಾದರೆ ಕೊಳ್ಳಬೇಡಿ.

ಗೇರುಸೊಪ್ಪೆಯಿಂದ ವಿದ್ಯುತ್ ಯೋಜನೆಯ ಸಿಹಿನೀರು ವರ್ಷವಿಡೀ ಇಳಿದು ಬರುವುದರಿಂದ ನಮ್ಮ ಅಳಿವೆಯಲ್ಲಿ ಉಪ್ಪು ಕಡಿಮೆ. ಎಲೆ, ತೊಗಟೆ ಕೊಳೆತು ಬಿಟ್ಟ ಟ್ಯಾನಿನ್ ಎಂಬ ಚೊಗರು ಮತ್ತು ಕೆಂಪು ಮಣ್ಣಿನ ಕಬ್ಬಿಣದ ಅಂಶ ಸೇರಿ ದೋಣಿಯ ಮೈಗೆ ಕೂರುತ್ತವೆ. ಪಂಚೆಗೆ ಅಡಿಕೆ ಚೊಗರು ಹತ್ತಿದಂತೆ; ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗದು. ಆಕ್ಸಾಲಿಕ್ ಆಸಿಡ್ ಆ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗುವಂತೆ ಮಾಡುತ್ತದೆ. ಉಜ್ಜುವ ಕೆಲಸವೇ ಇರುವುದಿಲ್ಲ, ನನಗೆ ಮುಖ್ಯವಾದದ್ದು ಇದು. ಫೈಬರ್ ಮೇಲಿನ ನುಣುಪಾದ ಹೊರಪದರದ, ಅಂದರೆ ಜೆಲ್ ಕೋಟ್‌ನ, ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಅಷ್ಟೆ. ವರ್ಷವರ್ಷವೂ ರಬ್ಬಿಂಗ್ ಕಾಂಪೌಂಡ್ (ತರಿತರಿಯಾದ ಪಾಲಿಶ್) ಹಾಕಿ ತಿಕ್ಕಿದರೆ ಅದು ಸವೆಯುತ್ತದೆ, ಸವೆದು ಸುಣ್ಣದಂತಾದ ಮೈ ಕಲೆಯನ್ನು ಇನ್ನೂ ಬೇಗ ಹೀರುತ್ತದೆ.

ಒಂದು ಲೀಟರ್ ಬೆಚ್ಚಗಿನ ಬಾವಿ ನೀರಿಗೆ ಸುಮಾರು 50 ಗ್ರಾಂ ಪುಡಿ ಹಾಕುತ್ತೇನೆ, ಪ್ಲಾಸ್ಟಿಕ್ ಬಕೆಟ್‌ನಲ್ಲಿ. ಸಮುದ್ರದ ನೀರಿನಲ್ಲಿ ಕಲಸಬಾರದು; ಅದರ ಕ್ಯಾಲ್ಸಿಯಂ ಜೊತೆ ಸೇರಿ ಕರಗದ ಬಿಳಿ ಪುಡಿ ಆಗಿಬಿಡುತ್ತದೆ. ದೋಣಿಯ ಮೈ ಗೋಡೆಯಂತೆ ನೆಟ್ಟಗಿರುವುದರಿಂದ ದ್ರಾವಣ ಜಾರಿ ಹೋಗುತ್ತದೆ, ಇದೇ ಈ ಪುಡಿಯ ದೊಡ್ಡ ಕೊರತೆ. ಹಳೆಯ ಹತ್ತಿ ಬಟ್ಟೆ ನೆನೆಸಿ ಕಲೆಯ ಮೇಲೆ ಅಂಟಿಸಿದರೆ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು, ಒಣಗುವ ಮೊದಲೇ ಧಾರಾಳ ನೀರು ಹೊಯ್ದು ತೊಳೆಯಿರಿ. ನೆರಳಿನಲ್ಲೇ ಮಾಡಿ. ದೋಣಿಯ ಮೈ ತೊಳೆಯಲೆಂದೇ ಜಾರದ ಜೆಲ್ ರೂಪದ ಹಲ್ ಕ್ಲೀನರ್‌ಗಳೂ ಬರುತ್ತವೆ. ಬಹಳಷ್ಟರಲ್ಲಿ ಇರುವುದು ಇದೇ ಆಸಿಡ್, ಆದರೆ ದುಬಾರಿ. ಸಣ್ಣ ದೋಣಿಗೆ ಬಟ್ಟೆಯೇ ಸಾಕು.

ಇದು ವಿಷ, ಮೂತ್ರಪಿಂಡಕ್ಕೆ ಹಾನಿ ಮಾಡುತ್ತದೆ. ಗ್ಲೌಸ್, ಕನ್ನಡಕ, ಪುಡಿ ಸುರಿಯುವಾಗ ಮಾಸ್ಕ್ ಇಲ್ಲದೆ ಯಾರನ್ನೂ ಈ ಕೆಲಸಕ್ಕೆ ಹಚ್ಚಬೇಡಿ. ಕೂಲಿಗೆ ಬಂದವರಾದರೆ ಅವನ್ನು ಕೊಡಿಸುವುದು ನಮ್ಮ ಹೊಣೆ. ತೊಳೆದ ನೀರು ಹೊಳೆಗೆ ಹೋಗದಂತೆ ದೋಣಿಯನ್ನು ದಡದಿಂದ ದೂರ ಎಳೆದಿಟ್ಟುಕೊಳ್ಳಿ. ಪಾಚಿಯ ಹಸಿರು ಕಲೆಗೆ ಬ್ಲೀಚಿಂಗ್ ಹಾಕುವವರಿದ್ದಾರೆ. ಆಸಿಡ್ ಮತ್ತು ಬ್ಲೀಚಿಂಗ್ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಎರಡನ್ನೂ ಒಂದೇ ದಿನ ಹೊರಗೇ ತೆಗೆಯಬೇಡಿ. ಮೋಟಾರಿನ ಅಲ್ಯೂಮಿನಿಯಂ ಭಾಗಕ್ಕೂ ಆಸಿಡ್ ತಾಗಬಾರದು.

ದೋಣಿಗೆ ಅಂಟಿ ಬೆಳೆದ ಚಿಪ್ಪು ಕಿತ್ತ ಜಾಗದಲ್ಲಿ ಉಳಿಯುವ ಬಿಳಿ ಸುಣ್ಣದ ಉಂಗುರಕ್ಕೆ ಈ ಪುಡಿಯಿಂದ ಏನೂ ಆಗದು. ಅದಕ್ಕೆ ವಿನೆಗರ್ ನೆನೆಸಿದ ಬಟ್ಟೆ ಕಟ್ಟಿ ಕಾಯಬೇಕು, ಒಂದೆರಡು ಸಲ ಬೇಕಾದೀತು. ಟಾಯ್ಲೆಟ್ ತೊಳೆಯುವ ಆಸಿಡ್ ಬೇಗ ತೆಗೆಯುತ್ತದೆ ನಿಜ, ಆದರೆ ದೋಣಿಯ ಬೋಲ್ಟು, ಕ್ಲ್ಯಾಂಪುಗಳನ್ನೂ ತಿನ್ನುತ್ತದೆ. ನಾನು ಹತ್ತಿರ ತರುವುದಿಲ್ಲ.

ಇನ್ನು ಕಲೆ ಕೂರದಂತೆ ಮಾಡುವ ವ್ಯಾಕ್ಸ್. ಆಸಿಡ್ ತೊಳೆತಕ್ಕೆ ಹಳೆಯ ವ್ಯಾಕ್ಸ್ ಬಹುಪಾಲು ಹೋಗಿರುತ್ತದೆ, ಹಾಗಾಗಿ ಪ್ರತಿ ಸಲವೂ ಹೊಸದಾಗಿ ಹಚ್ಚಲೇಬೇಕು. ನೀರಿನ ಮಟ್ಟದ ಮೇಲೆ ಖರ್ಚಿಗೆ ತಕ್ಕ ಕೆಲಸ ಮಾಡುತ್ತದೆ: ಕಲೆ ಬಂದರೂ ಒದ್ದೆ ಬಟ್ಟೆಗೆ ಹೋಗುವಷ್ಟು ತೆಳು. ಸದಾ ಮುಳುಗಿರುವ ಭಾಗಕ್ಕೆ ಹಚ್ಚಿದ್ದು ಮಾತ್ರ ದಂಡ. ಅಲ್ಲಿಗೆ ಬೇಕಾದದ್ದು ಪಾಚಿ, ಚಿಪ್ಪು ಹತ್ತದಂತೆ ತಡೆಯುವ ಆ್ಯಂಟಿಫೌಲಿಂಗ್ ಪೇಂಟು, ಇಲ್ಲವೇ ಆಗಾಗ ದೋಣಿಯನ್ನು ದಡಕ್ಕೆಳೆದು ಒಣಗಿಸುವುದು. ಮಳೆಗಾಲ ಕಳೆದು ದೋಣಿ ಇಳಿಸುವ ಮುಂಚಿನ ವಾರ ಕಾರ್ನೋಬಾ ವ್ಯಾಕ್ಸ್ (ಒಂದು ಜಾತಿಯ ತಾಳೆ ಎಲೆಯ ಮೇಣ) ಎರಡು ಕೋಟ್ ಹಾಕಿದರೆ ಕ್ರಿಸ್‌ಮಸ್ ರಜೆಯ ಜನದಟ್ಟಣೆ ಮುಗಿಯುವವರೆಗೆ ತಾಳುತ್ತದೆ. ಬೇಸಿಗೆಗೆ ಮತ್ತೊಂದು ಕೋಟ್ ಬೇಕು.