ನಿಗಡಿಯೊಳಗ ಮಣ್ಣಿನ ಸಿನಿಮಾ, ಆಮ್ಯಾಲ ಚರ್ಚಾ: ಸಿನಿಮಾಕ್ಕ ಮೂರು ಸ್ಟಾರ್, ಚರ್ಚಾಕ್ಕ ಐದು

ಮೊದಲ ಹೇಳಿಬಿಡ್ತೀನಿ, ಸಿನಿಮಾ ಸಲುವಾಗಿ ಹೋಗೋದಿದ್ರ ಮನ್ಯಾಗ ಕುಂತು ನೋಡಿದ್ರೂ ನಡೀತದ, ಆದ್ರ ಸಿನಿಮಾ ಮುಗಿದ ಮ್ಯಾಲ ನಡಿಯೋ ಚರ್ಚಾದ ಸಲುವಾಗಿ ಖರೇನ ಹೋಗ್ರಿ. ಪುಣೆ ಹತ್ತರ ಪಿಂಪ್ರಿ-ಚಿಂಚವಡ ಕಡೆ ಇರೋ ನಮ್ಮ ಕನ್ನಡ ಮಂದಿ ಕೆಲವರು ಕೂಡಿ ನಿಗಡಿಯೊಳಗ ಒಂದು ಸೊಸೈಟಿ ಹಾಲ್ ತಗೊಂಡು ರಿಜನರೇಟಿವ್ ಫಾರ್ಮಿಂಗ್, ಅಂದ್ರ ಸತ್ವ ಕಳಕೊಂಡ ಮಣ್ಣಿಗೆ ತಿರುಗಿ ಜೀವಾ ತುಂಬೋ ಬೇಸಾಯದ ಬಗ್ಗೆ ಡಾಕ್ಯುಮೆಂಟರಿ ತೋರಿಸಿದ್ರು, ಆಮ್ಯಾಲ ಒಬ್ರು ರಿಟೈರ್ಡ್ ಕೃಷಿ ವಿಜ್ಞಾನಿ ಮತ್ತ ಜತ್ತ ತಾಲೂಕಿನ ಒಬ್ರು ರೈತರನ್ನ ಮುಂದ ಕೂಡ್ರಿಸಿ ಮಾತಾಡಿಸಿದ್ರು. ಎಂಟ್ರಿ ಫ್ರೀ, ಬಾಗಲದಾಗ ಒಂದು ಡಬ್ಬಿ, ಮನಸ್ಸಿಗೆ ಬಂದಷ್ಟು ಹಾಕ್ರಿ ಅಂತ. ಬಂದವರೊಳಗ ಭಾಳ ಮಂದಿ ಇಂಡಿ, ಸಿಂದಗಿ, ಜತ್ತ, ಅಕ್ಕಲಕೋಟ ಕಡೆಯವರು, ಭೋಸರಿ ಚಾಕಣ ಕಂಪನಿಯೊಳಗ ಡ್ಯೂಟಿ ಮಾಡ್ತಾರ, ಊರಾಗ ನಾಕೈದು ಎಕರೆ ಅದ, ಅದನ್ನ ತಮ್ಮ ನೋಡ್ತಾನ ಇಲ್ಲಾಂದ್ರ ಯಾರಿಗೋ ಲಾವಣಿ (ಗೇಣಿ) ಹಾಕ್ಯಾರ. ನಾನೂ ಅದೇ ಪೈಕಿ.

ತೋರಿಸಿದ್ದು ಕಿಸ್ ದಿ ಗ್ರೌಂಡ್ ಅಂತ, 2020ರ ಅಮೆರಿಕದ ಸಿನಿಮಾ, ಕಥಿ ಹೇಳೋ ದನಿ ವುಡಿ ಹ್ಯಾರೆಲ್ಸನ್‌ದು. ನೋಡ್ಲಿಕ್ಕೆ ಛಂದ ಅದ, ಸುಳ್ಳ ಯಾಕ ಹೇಳ್ಲಿ. ನಾರ್ಥ್ ಡಕೋಟಾದ ಗೇಬ್ ಬ್ರೌನ್ ಅನ್ನೋ ರೈತ ಉಳೋದು ಬಿಟ್ಟು, ವರ್ಷಗಟ್ಟಲೆ ಆಣೆಕಲ್ಲಿಗೂ ಬರಕ್ಕೂ ಬೆಳಿ ಕಳಕೊಂಡ್ರೂ, ಭೂಮಿ ಒಂದಿನಾನೂ ಬರೀ ಬಿಡದಂಗ ಹತ್ತಾರು ಥರದ ಬೀಜ ಕೂಡಿಸಿ ಬಿತ್ತಿ, ಅದರಾಗ ದನಾ ಮೇಯಿಸಿ ಹೊಲಾ ತಿರುಗಿ ಎಬ್ಬಿಸಿದ ಕಥಿ ಭಾಳ ಹಿಡಿಸ್ತು. ಆದ್ರ ಅವರ ಹೊಲ ಸಾವಿರಾರು ಎಕರೆ, ನಮ್ಮ ಹಾಲ್‌ನ್ಯಾಗ ಕುಂತವರ ಹೊಲ ಎಲ್ಲಾ ಕೂಡಿಸಿದ್ರೂ ಅಷ್ಟು ಆಗ್ತಿತ್ತೋ ಇಲ್ಲೋ. ನಡುವ ಸಿನಿಮಾ ನಟ-ನಟಿಯರು ಬಂದು ಮಾತಾಡೋ ಭಾಗ ತಗದಿದ್ರ ಏನೂ ಹಾಳಾಗ್ತಿರಲಿಲ್ಲ. ಇನ್ನೊಂದು, ಇದು ನನಗ ನೋಡುವಾಗ್ಲೇ ಚುಚ್ಚಿತು: ಒಂದು ಕಡೆ ದನಾ ಮೇಯಿಸಿದ್ರ ಭೂಮಿ ಹಸರಾಗ್ತದ ಅಂತಾರ, ಇನ್ನೊಂದು ಕಡೆ ಚೀನಾದ ಲೋಯೆಸ್ ಪ್ರಸ್ಥಭೂಮಿ ತೋರಿಸ್ತಾರ, ಅಲ್ಲಿ 1994ರಾಗ ಸುರು ಆದ ವಿಶ್ವಬ್ಯಾಂಕ್ ರೊಕ್ಕದ ಯೋಜನೆಯೊಳಗ ಆಡು ಕುರಿ ಬಿಟ್ಟು ಮೇಯಿಸೋದನ್ನ ಬಂದ್ ಮಾಡಿಸಿದ ಮ್ಯಾಲನ ಗುಡ್ಡ ಚಿಗುರಿದ್ದು. ಎರಡೂ ಹ್ಯಾಂಗ ಖರೆ ಅಂತ ಸಿನಿಮಾ ಬಿಡಿಸಿ ಹೇಳಂಗಿಲ್ಲ. ಇದನ್ನ ಕೇಳಿದಾಗ ವಿಜ್ಞಾನಿ ಸರ್ ಅಮೆರಿಕಾ ಚೀನಾ ಎರಡೂ ಬಿಟ್ಟು ಸೀದಾ ಮಹಾರಾಷ್ಟ್ರದ ಹಿವರೆ ಬಾಜಾರ ಅನ್ನೋ ಹಳ್ಳಿಗೆ ಬಂದ್ರು, ಪೋಪಟರಾವ್ ಪವಾರ್ ಸರಪಂಚ್ ಆದ ಮ್ಯಾಲ ಅಲ್ಲಿನೂ ಚರಾಯಿ ಬಂದಿ ಮಾಡಿದ್ರು, ಹುಲ್ಲು ಕೊಯ್ದು ಮನಿಗೆ ಒಯ್ಯಬಹುದು ಆದ್ರ ದನಾ ಗುಡ್ಡಕ್ಕ ಬಿಡಂಗಿಲ್ಲ, ಅಂದ್ರ ದನಾ ಒಳ್ಳೇವೋ ಕೆಟ್ಟವೋ ಅನ್ನೋದಲ್ಲ, ಎಷ್ಟು ದಿನ ಎಲ್ಲಿ ನಿಲ್ತಾವ ಮತ್ತ ಆ ಜಾಗಕ್ಕ ಎಷ್ಟು ದಿನ ಬಿಡುವು ಸಿಗ್ತದ ಅನ್ನೋದು ಲೆಕ್ಕ ಅಂದ್ರು. ನಮ್ಮ ಕಡೆ ಬ್ಯಾಸಗ್ಯಾಗ ಕುರಿಯವರನ್ನ ಕರ್ಸಿ ಹೊಲದಾಗ ಎರಡು ರಾತ್ರಿ ಕುರಿ ನಿಲ್ಲಿಸಿ ಮುಂದ ಕಳಸ್ತೀವಲ್ಲ, ಅದೂ ಇದ.

ಚರ್ಚಾ ಸುರು ಆಗೂದಕ್ಕ ಮೊದಲ ಜತ್ತದ ಅಣ್ಣಾರು ಎರಡು ಗಾಜಿನ ಬರಣಿ ತುಂಬ ನೀರಿಟ್ಟು, ಒಂದರಾಗ ವರ್ಷಾ ಟ್ರ್ಯಾಕ್ಟರ್ ಹೊಡೆಯೋ ಹೊಲದ ಹೆಂಟಿ, ಇನ್ನೊಂದರಾಗ ಒಡ್ಡಿನ ಹುಲ್ಲಿನ ಬುಡದ ಹೆಂಟಿ ಜಾಳಗಿಯೊಳಗ ಇಟ್ಟು ಬಿಟ್ರು. ಹೊಲದ್ದು ನೋಡನೋಡ್ತಿದ್ದಂಗ ಕರಗಿ ತಳಕ್ಕ ಕುಂತು ನೀರು ರಾಡಿ ಆತು, ಒಡ್ಡಿಂದು ಹಂಗ ಗಟ್ಟಿ. ಬೇರು ಮತ್ತ ಬೂಷ್ಟು ಬಿಡೋ ಅಂಟು ಮಣ್ಣಿನ ಕಣ ಹಿಡದಿಡ್ತದ, ಆ ಅಂಟು ಇಲ್ಲದ ಹೆಂಟಿಯೊಳಗ ನೀರು ನುಗ್ಗಿದಾಗ ಒಳಗಿನ ಗಾಳಿ ಒಡೆದು ಹೊರಗ ಬರ್ತದ, ಮಳ್ಯಾಗ ಆಗೋದೂ ಇದ ಅಂತ ಅವರು ಹೇಳೂದ್ರಾಗ ಸರ್ ನಡುವ ಬಾಯಿ ಹಾಕಿ, ಕರಿ ಎರಿ ಮಣ್ಣಿನ ಹೆಂಟಿ ನೀರಾಗ ಒಡೆಯೋದು ಅದರ ಗುಣಾನೂ ಹೌದು, ಅದೊಂದರಿಂದ ಹೊಲಾ ಸತ್ತದ ಅಂತ ತಿಳೀಬ್ಯಾಡ್ರಿ ಅಂದ್ರು. ಇಬ್ಬರೂ ಒಬ್ಬರಿಗೊಬ್ಬರು ಹಿಂಗ ಅಡ್ಡ ಬಂದಿದ್ದ ನನಗ ಇಡೀ ಸಂಜಿ ಒಳಗ ಭಾಳ ಸೇರಿದ್ದು. ಇಂಥ ಕಾರ್ಯಕ್ರಮದಾಗ ಸಾಮಾನ್ಯ ಎಲ್ಲಾರೂ ಹೌದಪ್ಪ ಹೌದು ಅಂತ ತಲಿ ಅಲ್ಲಾಡಿಸ್ತಾರ.

ಉಳೂದ ಬ್ಯಾಡ ಅನ್ನೋ ಮಾತು ಎರಿ ಭೂಮಿಗೆ ಹ್ಯಾಂಗ ಅಂತ ಇಂಡಿ ಕಡೆ ಕಾಕಾ ಒಬ್ರು ಕೇಳಿದ್ರು. ಇಲ್ಲಿ ಸರ್ ನಿಂತು ಮಾತಾಡಿದ್ರು. 1933ರಾಗ ಒಣ ಬೇಸಾಯದ ಸಂಶೋಧನಾ ಸುರು ಆದ ಐದು ಜಾಗದಾಗ ಸೋಲಾಪುರ, ವಿಜಯಪುರ, ರಾಯಚೂರು ಮೂರೂ ಇದ್ವು, ಉಳಿದವು ಹಗರಿ ಮತ್ತ ರೋಹ್ತಕ್. ಆಗ ಅವರು ಬರದಿಟ್ಟ ಪದ್ಧತಿ ಏನು? ಒಡ್ಡು ಹಾಕ್ರಿ, ಮೂರು ವರ್ಷಕ್ಕೊಮ್ಮೆ ಆಳಾಗಿ ಉಳ್ರಿ, ತಿಪ್ಪಿಗೊಬ್ಬರ ಹಾಕ್ರಿ, ಬೀಜ ಕಮ್ಮಿ ಹಾಕಿ ಸಾಲು ಅಗಲ ಬಿಡ್ರಿ, ಎಡಿ (ಸಾಲಿನ ನಡುವ ಆಡಿಸೋ ಕುಂಟಿ) ಮ್ಯಾಲಿಂದ ಮ್ಯಾಲ ಹೊಡಿರಿ. ಹಿಂಗಾರಿ ಜೋಳಕ್ಕ ಬಿತ್ತಿದ ಮ್ಯಾಲ ಮಳಿ ಇರಂಗಿಲ್ಲ, ಒಳಗಿನ ಹಸಿ ಮ್ಯಾಲನ ಬೆಳಿ ಬರಬೇಕು, ಭೂಮಿ ಬಿರಿ ಬಿಟ್ಟಾಗ ಆ ಬಿರುಕಿನ್ಯಾಗಿಂದ ಹಸಿ ಹಾರಿಹೋಗ್ತದ, ಕುಂಟಿ ಆಡಿಸಿದ್ರ ಬಿರುಕು ಮುಚ್ಚಿ ಹಸಿ ಉಳೀತದ. ಅಮೆರಿಕದ ರೈತ ಉಳೋದು ಬಿಟ್ಟ ಅಂತ ನೀವು ನಾಳೆ ಎಡಿ ಹೊಡೆಯೋದು ಬಿಟ್ರ ಜೋಳ ಒಣಗ್ತಾವ ಅಂತ ಖಡಾಖಂಡಿತ ಹೇಳಿದ್ರು. ಬಿಡಬೇಕಾದ್ದು ವರ್ಷಾ ಎರಡು ಮೂರು ಸರ್ತಿ ರೊಟಾವೇಟರ್ ಹಾಕಿ ಮಣ್ಣು ಹಿಟ್ಟು ಮಾಡೋದನ್ನ. ಮ್ಯಾಲಿನ ಒಂದು ಬೆರಳಷ್ಟು ಕೆದರೋ ಕುಂಟಿಗೂ ರೊಟಾವೇಟರ್‌ಗೂ ಫರಕು ಸಿನಿಮಾದಾಗ ಸಿಗಂಗಿಲ್ಲ.

ಇನ್ನೊಂದು ಪ್ರಶ್ನೆ ಮುಂಗಾರಿ ಬೀಳಂದು. ನಮ್ಮ ಕಡೆ ಆಳದ ಎರಿ ಹೊಲ ಜೂನ್‌ದಿಂದ ಸಪ್ಟೆಂಬರ್ ತನಕ ಖಾಲಿ ಬಿಟ್ಟು ಹಿಂಗಾರಿಗೆ ಬಿತ್ತೋದು ರೂಢಿ, ಅಂದ್ರ ದೊಡ್ಡ ಮಳಿ ಎಲ್ಲಾ ಬರೀ ಮಣ್ಣಿನ ಮ್ಯಾಲ ಬೀಳ್ತದ, ಕೊಚ್ಚಿಕೊಂಡು ಹೋಗ್ತದ. ಮಣ್ಣು ಮುಚ್ಚಲಿಕ್ಕೆ ಅಲ್ಲಿ ಸೆಣಬು ಬಿತ್ತಿದ್ರ ಅದ ಹಸಿ ಕುಡಿದುಬಿಟ್ರ ಜೋಳಕ್ಕೇನು ಉಳೀತದ ಅಂತ ಒಬ್ರು ಅಕ್ಕಾರು ಕೇಳಿದ್ರು, ಭಾಳ ಶಾಣ್ಯಾ ಪ್ರಶ್ನೆ, ನಾನು ಕೇಳಬೇಕಂತ ಮಾಡಿದ್ದೂ ಇದ ಇತ್ತು. ಉತ್ತರ ಏನಂದ್ರ ವಿಜಯಪುರದಂಗ ವರ್ಷಕ್ಕ ಸುಮಾರು 600 ಮಿಲಿಮೀಟರ್ ಮಳಿ ಬೀಳೋ ಕಡೆ ಸೆಣಬನ್ನ ಹೂ ಬಿಡೂದಕ್ಕ ಮೊದಲ, 45 ದಿನದ ಒಳಗ ಕೊಯ್ದು ಅಲ್ಲೇ ಹಾಸಿಬಿಡಬೇಕು, ಸಪ್ಟೆಂಬರ್ ಮಳಿ ಅದರ ಮ್ಯಾಲ ಬಿದ್ದು ಭೂಮಿ ತಿರುಗಿ ತುಂಬಕೊಳ್ತದ. ಇಲ್ಲಾಂದ್ರ ಹೆಸರು ಹಾಕ್ರಿ, ಕಾಯಿ ಬಿಡಸ್ಕೊಂಡು ಹೊಟ್ಟು ಹೊಲಕ್ಕ ಬಿಡ್ರಿ, ಕೈಯಾಗ ನಾಕು ಕಾಸೂ ಬರ್ತಾವ. ಆದ್ರ ಇದು ಆಳದ ಎರಿಗೆ ಮಾತ್ರ, ಮಸಾರಿಗೆ (ಕೆಂಪು ಮಣ್ಣಿಗೆ) ಅಲ್ಲ, ಮತ್ತ ಮುಂಗಾರಿ ತಡಾ ಆದ ವರ್ಷ ಈ ಆಟ ಆಡಬ್ಯಾಡ್ರಿ ಅಂತ ಎಚ್ಚರಿಕಿನೂ ಕೊಟ್ರು. ಕಬ್ಬಿನವರಿಗೆ ಒಂದ ಮಾತು, ರವದಿ (ಕಬ್ಬಿನ ಒಣ ಎಲಿ) ಸುಡಬ್ಯಾಡ್ರಿ. ಅದಕ್ಕ ಹಾಲ್‌ನ್ಯಾಗ ಗದ್ದಲಾನ ಆತು, ಸಾಲಿನ್ಯಾಗ ನೀರು ಹರಿಯಂಗಿಲ್ಲ, ಹಾವು ಇಲಿ ಕೂಡ್ತಾವ, ಆಳು ಸಿಗಂಗಿಲ್ಲ ಅಂತ. ಜತ್ತದ ಅಣ್ಣಾರು ಒಂದು ಸಾಲು ಬಿಟ್ಟು ಒಂದು ಸಾಲಿನ್ಯಾಗ ರವದಿ ತುಂಬಿ ಖಾಲಿ ಸಾಲಿಗಷ್ಟ ನೀರು ಬಿಡ್ರಿ ಅಂದ್ರು, ಕೆಲವರು ಫೋನ್‌ದಾಗ ಬರಕೊಂಡ್ರು.

ಜೋರು ಜಗಳ ಹತ್ತಿದ್ದು ಕಳಿನಾಶಕದ ಮ್ಯಾಲ. ಸರ್ ನೆರಳ ಹತ್ತರದ ಸಗುಣಾ ಬಾಗದ ಎಸ್‌ಆರ್‌ಟಿ (ಸಗುಣಾ ರೈಸ್ ಟೆಕ್ನಿಕ್) ಭತ್ತದ ಪದ್ಧತಿ ಹೇಳಿದ್ರು, ಚಂದ್ರಶೇಖರ ಭಡಸಾವಳೆ ಅವರು ಬೆಳೆಸಿದ್ದು, ಕಾಯಂ ಮಡಿ ಮಾಡಿ ಉಳದನ, ರಾಡಿ ಮಾಡದನ, ನಾಟಿ ಹಚ್ಚದನ ಭತ್ತ ಬೆಳೆಯೋದು, ಹಳೇ ಬೇರು ಮಣ್ಣಾಗ ಉಳಿಸಿ ಕೊಳಿಸೋದು, ಆದ್ರ ಅದರಾಗ ಕಳಿ ಸಾಯಿಸ್ಲಿಕ್ಕೆ ಔಷಧ ಹೊಡೀತಾರ. ಆಗ ಹಿಂದಿನ ಸಾಲಿನ ಹುಡುಗ ಒಬ್ಬ ಎದ್ದು, ಗ್ಲೈಫೋಸೇಟ್ ಹೊಡೆದು ಇದನ್ನ ಹ್ಯಾಂಗ ಭೂಮಿ ಉಳಿಸೋದು ಅಂತೀರಿ, ಪಾಳೇಕರ್ ಗುರುಗಳು ಹಂಗ ಹೇಳಿಲ್ಲ ಅಂತ ಸುರು ಹಚ್ಚಿದ. ಸರ್ ಸಿಟ್ಟಾಗಲಿಲ್ಲ. ಸಾವಯವ ಬ್ಯಾರೆ, ಪಾಳೇಕರರ ನೈಸರ್ಗಿಕ ಕೃಷಿ ಬ್ಯಾರೆ, ಇದು ಬ್ಯಾರೆ, ಸಾವಯವದವರೂ ಕಳಿಗೆ ನಾಕು ಸರ್ತಿ ಉತ್ತು ಮಣ್ಣು ಕಳಕೊಳ್ಳಬಹುದು, ಇವರು ಒಮ್ಮೆ ಔಷಧ ಹೊಡೆದು ಮಣ್ಣು ಉಳಿಸ್ಕೊಬಹುದು, ಯಾವುದು ಬೇಕು ನೀವ ಆರಿಸ್ರಿ ಅಂದ್ರು. 2022ರ ಅಕ್ಟೋಬರ್‌ದಾಗ ಕೇಂದ್ರ ಸರ್ಕಾರ ಗ್ಲೈಫೋಸೇಟ್ ಬಳಕಿ ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳ ಕೈಯಾಗಷ್ಟ ಇರಬೇಕು ಅಂತ ಆದೇಶ ತಗದದ್ದನ್ನೂ ಹೇಳಿದ್ರು. ಹುಡುಗಗ ಸಮಾಧಾನ ಆದಂಗ ಕಾಣಲಿಲ್ಲ, ನನಗೂ ಪೂರ್ತಿ ಆಗಿಲ್ಲ, ಆದ್ರ ಮುಚ್ಚಿಡದ ಹೇಳಿದ್ದಕ್ಕ ಮಾರ್ಕ್ಸ್ ಕೊಡಲೇಬೇಕು.

ಪುಣೆದಾಗ ಕುಂತ ನಮ್ಮಂಥವರಿಗೆ ನೆಟ್ಟಗ ತಾಗಿದ್ದು ಲಾವಣಿ ಮಾತು. ನಾವು ಯುಗಾದಿಯಿಂದ ಯುಗಾದಿಗೆ ಹೊಲಾ ಕೊಡ್ತೀವಿ, ಮುಂದಿನ ವರ್ಷ ತನಗ ಸಿಗ್ತದೋ ಇಲ್ಲೋ ಗೊತ್ತಿಲ್ಲದಾಂವ ತಿಪ್ಪಿಗೊಬ್ಬರ ಯಾಕ ಹಾಕ್ತಾನ, ಒಡ್ಡು ಯಾಕ ರಿಪೇರಿ ಮಾಡ್ತಾನ, ಅಂವ ಯೂರಿಯಾ ಹಾಕಿ ಬಂದಷ್ಟು ಬಾಚ್ಕೊಂಡು ಹೋಗ್ತಾನ, ತಪ್ಪು ಅಂವಂದಲ್ಲ. ಐದು ವರ್ಷಕ್ಕ ಕೊಡ್ರಿ, ಮೊದಲಿನ ಎರಡು ವರ್ಷ ಲಾವಣಿ ಕಮ್ಮಿ ತಗೋರಿ, ಬದಲಿ ರವದಿ ಹೊಟ್ಟು ಸುಡಂಗಿಲ್ಲ ಅಂತ ಮಾತಾಡ್ರಿ ಅಂದ್ರು ಜತ್ತದ ಅಣ್ಣಾರು. ತಕ್ಷಣ ಸಿಂದಗಿಯವರೊಬ್ರು, ಕರ್ನಾಟಕದಾಗ 1974ರಿಂದ ಗೇಣಿ ಕೊಡೋದ ಕಾಯ್ದಾಕ್ಕ ವಿರುದ್ಧ ಅದ, ಎಲ್ಲಾ ಬಾಯಿ ಮಾತಿನ ಮ್ಯಾಲ ನಡೀತದ, ಐದು ವರ್ಷ ಕೊಟ್ಟು ಹೊಲಾ ಕೈ ಬಿಟ್ರ ಯಾರ ಹೊಣಿ ಅಂದ್ರು. ಅದಕ್ಕ ಯಾರ ಕಡೆನೂ ಉತ್ತರ ಇರಲಿಲ್ಲ. ಈ ವಿಷಯಕ್ಕ ಒಬ್ರು ವಕೀಲರನ್ನ ಕರ್ಸಿದ್ರ ಇನ್ನೊಂದು ತಾಸು ಕೂಡ್ತಿದ್ದೆ.

ಇನ್ನ ಕೊರತಿ. ಐದಕ್ಕ ಅಂದಿದ್ದು ಆರಕ್ಕ ಸುರು, ಅದರಾಗ ಶಾಲು, ಹಾರ, ಸತ್ಕಾರ, ಫೋಟೋ ಅಂತ ಮತ್ತ ಟೈಮ್ ತಿಂದ್ರು. ಸಿನಿಮಾ ಇಂಗ್ಲಿಷ್, ಸಬ್‌ಟೈಟಲ್ಲೂ ಇಂಗ್ಲಿಷ್, ನಡುವ ನಿಲ್ಲಿಸಿ ಒಬ್ರು ಕನ್ನಡದಾಗ ಸಾರಾಂಶ ಹೇಳಿದ್ರು ಖರೆ, ಆದ್ರ ಅಷ್ಟೊತ್ತಿಗೆ ಹಿರ್ಯಾರು ಅರ್ಧ ಮಂದಿ ಚಹಾಕ್ಕ ಎದ್ದು ಹೋಗಿದ್ರು. ಹೊರಗ ಒಂದು ಸ್ಟಾಲ್‌ದಾಗ ಜೀವಾಮೃತ ಬಾಟ್ಲಿ ತುಂಬಿ ಮಾರ್ತಿದ್ರು, ನೋಡಿ ನಗು ಬಂತು, 200 ಲೀಟರ್ ನೀರಿಗೆ ಹತ್ತು ಕಿಲೋ ಸೆಗಣಿ, ಗಂಜಲ, ಬೆಲ್ಲ, ಬ್ಯಾಳಿ ಹಿಟ್ಟು, ಒಂದು ಹಿಡಿ ಮಣ್ಣು ಕಲಿಸಿ ಮನ್ಯಾಗ ಮಾಡಿ ವಾರದೊಳಗ ಹೊಲಕ್ಕ ಬಿಡೋ ಸಾಮಾನು ಅದು, ಅದನ್ನ ಬಾಟ್ಲ್ಯಾಗ ತಗೊಂಡು ಯಾರು ಏನು ಮಾಡ್ತಾರ. ಪಕ್ಕದಾಗ ರೊಟ್ಟಿ, ಶೇಂಗಾ ಹಿಂಡಿ, ಝುಣಕಾ ಇಟ್ಟ ಅಕ್ಕಾರ ಸ್ಟಾಲ್ ಮಾತ್ರ ಒಂದ ನಂಬರ್, ಚರ್ಚಾ ಮುಗಿಯೂದ್ರಾಗ ಖಾಲಿ ಆಗಿತ್ತು, ಮೊದಲ ತಗೊಂಡು ಇಟ್ಕೋರಿ. ಪಾರ್ಕಿಂಗ್ ಟೂ ವೀಲರ್‌ಗಷ್ಟ ಅದ.

ಮುಂದಿನದು ಭೋಸರಿ ಕಡೆ ಮಾಡ್ತೀವಿ ಅಂದಾರ. ಹೋಗೋರಿದ್ರ ನಿಮ್ಮ ಹೊಲದ ಮಣ್ಣಿನ ರಿಪೋರ್ಟ್ ತಗೊಂಡು ಹೋಗ್ರಿ, ಸರ್ ಕೊನೀಗೆ ಕುಂತು ಒಬ್ಬೊಬ್ಬರ ಕಾರ್ಡ್ ಓದಿ ಹೇಳ್ತಾರ, ಇದಕ್ಕ ಬ್ಯಾರೆ ಕಡೆ ಯಾರೂ ಟೈಮ್ ಕೊಡಂಗಿಲ್ಲ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಮ್ಮಿ ಇದ್ರ ಕಮ್ಮಿ ಅಂತ, 0.75ರ ಮ್ಯಾಲ ಇದ್ರ ಛಲೋ ಅಂತ, ನಮ್ಮ ಸಾಲಿನ್ಯಾಗ ಕುಂತವರದು ಒಂದೂ 0.5 ದಾಟಿರಲಿಲ್ಲ. ನಮ್ಮ ಬಿಸಿಲಿಗೆ ಅದು ಲಗೂನ ಸುಟ್ಟು ಹೋಗ್ತದ, ಅಮೆರಿಕದ ಥಂಡಿ ಹೊಲದ ಅಂಕಿ ಹಿಡಕೊಂಡು ಕೂಡಬ್ಯಾಡ್ರಿ, ನಿಮ್ಮ ಒಡ್ಡಿನ ಮಣ್ಣಿನ ಅಂಕಿ ತಗೋರಿ, ಅದಕ್ಕ ಹೋಲಿಸ್ರಿ ಅಂದ್ರು ಸರ್. ರಿಪೋರ್ಟ್ ಇಲ್ಲದವರು ಊರಿಗೆ ಫೋನ್ ಹಚ್ಚಿ ಈಗ್ಲೇ ಮಾಡಿಸ್ರಿ, ಹೊಲದಾಗ ಹತ್ತು ಕಡೆ 15 ಸೆಂಟಿಮೀಟರ್ ಆಳ ವಿ ಆಕಾರ ತಗ್ಗು ತಗದು ಬದಿಯ ಮಣ್ಣು ಕೆರೆದು ಕೂಡಿಸಿ ಅರ್ಧ ಕಿಲೋ, ತಿಪ್ಪಿ ಹತ್ತರದ್ದು ಗಿಡದ ಬುಡದ್ದು ಬ್ಯಾಡ, ನೆರಳಾಗ ಒಣಗಿಸಿ ಕಳಸ್ರಿ. ಒಡ್ಡಿಂದು ಬ್ಯಾರೆ ಚೀಲದಾಗ, ಮ್ಯಾಲ ಹೆಸರು ಬರದು.