ಶೀಟು, ಸ್ಲ್ಯಾಬು, ಪಫ್ ಪ್ಯಾನಲ್: ಕೆಲಸ ನಿಲ್ಲಬಾರದು ಅಂದ್ರೆ ಯಾವುದು?

ಗೋದಾಮಿಗೆ ಯಾವ ಚಾವಣಿ ಹಾಕಿಸಲಿ ಅಂತ ಕೇಳಿದ್ದೀರಿ. ಮೊದಲು ಒಂದು ಲೆಕ್ಕ ಹಾಕಿ: ಅದು ಸೋರಿದರೆ ನಿಮ್ಮ ಕೆಲಸ ಎಷ್ಟು ದಿನ ನಿಲ್ಲುತ್ತದೆ?

ಖರ್ಚಿನಲ್ಲಿ ಸ್ಟೀಲ್ ಶೀಟು ಅಗ್ಗ, ಬೇಗನೂ ಮುಗಿಯುತ್ತದೆ. ಪಫ್ ಪ್ಯಾನಲ್, ಅಂದ್ರೆ ಎರಡು ಲೋಹದ ಶೀಟುಗಳ ನಡುವೆ ಫೋಮ್ ತುಂಬಿದ ಹಲಗೆ, ಅದಕ್ಕಿಂತ ದುಬಾರಿ. ಕಾಂಕ್ರೀಟ್ ಸ್ಲ್ಯಾಬಿಗೆ ಸಮಯ ಜಾಸ್ತಿ ಬೇಕು.

ಸೋರಿಕೆಯದ್ದೇ ಮುಖ್ಯ ವಿಷಯ. ಶೀಟು ಹೆಚ್ಚಾಗಿ ಸೋರುವುದು ಸ್ಕ್ರೂ ಹತ್ತಿರ. 30 ಮೀಟರ್ ಉದ್ದದ ಸ್ಟೀಲ್ ಶೀಟಿನ ಬಿಸಿ 40 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿದರೆ ಅದು ಸುಮಾರು 14 ಮಿಲಿಮೀಟರ್ ಹಿಗ್ಗುತ್ತದೆ. ದಿನಾ ಹಿಗ್ಗಿ ಕುಗ್ಗಿ ಸ್ಕ್ರೂ ತೂತು ಅಗಲವಾಗುತ್ತದೆ, ಬಿಸಿಲಿಗೆ ರಬ್ಬರ್ ವಾಷರ್ ಬಿರಿಯುತ್ತದೆ. ಆದರೆ ರಿಪೇರಿ ಸುಲಭ. ವಾಷರ್ ಬದಲಿಸುವಾಗ ಕೆಳಗಿನ ಕೆಲಸವನ್ನೆಲ್ಲ ನಿಲ್ಲಿಸಬೇಕಿಲ್ಲ.

ಸ್ಲ್ಯಾಬು ಹಾಗಲ್ಲ. ನೀರು ಒಂದು ಕಡೆ ಇಳಿದು ಇನ್ನೆಲ್ಲೋ ಜಿನುಗುತ್ತದೆ, ಮೂಲ ಹುಡುಕೋದೇ ದೊಡ್ಡ ತಲೆನೋವು. ಇಳಿಜಾರು, ವಾಟರ್‌ಪ್ರೂಫಿಂಗ್ ಎರಡನ್ನೂ ಕಟ್ಟುವಾಗಲೇ ಸರಿಯಾಗಿ ಮಾಡಿಸಿ. ಇಲ್ಲಿ ದುಡ್ಡು ಉಳಿಸೋಕೆ ಹೋಗಬೇಡಿ.

ಬಿರುಗಾಳಿಗೆ ಸ್ಲ್ಯಾಬೇ ಗಟ್ಟಿ. ಬಿಸಿಲಿನ ಕಾವು ತಡೆಯೋದರಲ್ಲಿ ಪಫ್ ಪ್ಯಾನಲ್ ಮುಂದು, ಮಳೆ ಸದ್ದೂ ಬರೀ ಶೀಟಿಗಿಂತ ಕಡಿಮೆ.

ಬಾಡಿಗೆ ಜಾಗವೋ, ಅಗಲವಾದ ಶೆಡ್ಡೋ? ಶೀಟು ಸಾಕು. ಔಷಧಿ, ತರಕಾರಿ ಥರ ತಂಪು ಬೇಕಾದ ಸರಕಿದ್ದರೆ ಪಫ್ ಪ್ಯಾನಲ್ ಹಾಕಿಸಿ, ಬೆಂಕಿ ತಡೆಯುವ ಗುಣ ಎಷ್ಟಿದೆ ಅಂತ ಮಾತ್ರ ಕೇಳಿಯೇ ಕೊಳ್ಳಿ. ಮೇಲೆ ಇನ್ನೊಂದು ಅಂತಸ್ತು ಕಟ್ಟುವ ಯೋಚನೆ ಇದೆಯಾ? ಹಾಗಾದ್ರೆ ಸ್ಲ್ಯಾಬು.