ಲಿವರ್ ತುಣುಕಿಗೆ ಲೈಪೇಸ್ ಕಿಟ್: ಹಳದಿಯೆಲ್ಲ ಲೈಪೇಸ್ ಅಲ್ಲ

ಕೊಬ್ಬು ಒಡೆಯುವ ಕಿಣ್ವವಾದ ಲೈಪೇಸ್ ಅಳೆಯುವ ಕಿಟ್ ತರಿಸುವ ಮುಂಚೆ ಒಳಗಿರುವ ಸಬ್‌ಸ್ಟ್ರೇಟ್ (ಕಿಣ್ವ ಒಡೆಯಬೇಕಾದ ವಸ್ತು) ಯಾವುದು ಅಂತ ನೋಡಿಕೊಳ್ಳಿ. ನಮ್ಮ ಲ್ಯಾಬಿಗೆ ಬಂದ ಕಿಟ್‌ನಲ್ಲಿ ಪ್ಯಾರಾ-ನೈಟ್ರೋಫಿನೈಲ್ ಬ್ಯುಟಿರೇಟ್ ಇದೆ. ಕಿಣ್ವ ಇದನ್ನು ಒಡೆದರೆ ಹಳದಿ ಬಣ್ಣ ಬರುತ್ತದೆ. ಅದನ್ನು 405 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ಓದಬೇಕು. ನಾನು ಇದನ್ನು ಬಳಸಿದ್ದು ಚೆನ್ನಾಗಿರುವ ಲಿವರ್‌ಗೂ ಕ್ಯಾನ್ಸರ್ ಗಡ್ಡೆಗೂ ಕೊಬ್ಬು ಒಡೆಯುವ ಶಕ್ತಿಯಲ್ಲಿ ಎಷ್ಟು ವ್ಯತ್ಯಾಸವಿದೆ ಅಂತ ನೋಡಲು.

ಕೆಲಸ ಸಲೀಸು. ಸ್ಟ್ಯಾಂಡರ್ಡ್ ಗೆರೆ ನೆಟ್ಟಗೆ ಬರುತ್ತದೆ, 96 ವೆಲ್ (ಗುಳಿ) ಪ್ಲೇಟ್ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತದೆ.

ತೊಂದರೆ ಇರುವುದು ಲಿವರ್‌ನಲ್ಲಿ. ಬ್ಯುಟಿರೇಟ್ ಅಂದರೆ ನಾಲ್ಕೇ ಕಾರ್ಬನ್ನಿನ ಸರಪಳಿ. ನಿಜವಾದ ಕೊಬ್ಬಿನಲ್ಲಿ ಸಾಮಾನ್ಯವಾಗಿ 16, 18 ಕಾರ್ಬನ್ ಇರುತ್ತವೆ. ಇಷ್ಟು ಚಿಕ್ಕದನ್ನು ಕತ್ತರಿಸಲು ಲೈಪೇಸೇ ಬೇಕಿಲ್ಲ, ಚಿಕ್ಕ ಎಸ್ಟರ್‌ಗಳನ್ನು ಒಡೆಯುವ ಕಾರ್ಬಾಕ್ಸಿಲ್‌ಎಸ್ಟರೇಸ್ ಅನ್ನುವ ಬೇರೆ ಕಿಣ್ವ ಸಾಕು. ಅದು ಲಿವರ್‌ನಲ್ಲಿ ಧಾರಾಳವಾಗಿದೆ! ನಮ್ಮ ಪ್ಲೇಟಿನಲ್ಲಿ ಗಡ್ಡೆಯ ತುಣುಕುಗಳು ನಿಧಾನವಾಗಿ ಹಳದಿಯಾದವು. ಅಷ್ಟಕ್ಕೇ ‘ಗಡ್ಡೆಯಲ್ಲಿ ಲೈಪೇಸ್ ಕಡಿಮೆ’ ಅಂತ ಬರೆಯಲು ನನಗೆ ಧೈರ್ಯ ಬರಲಿಲ್ಲ. ಎಸ್ಟರೇಸ್ ಕಡಿಮೆಯಾಗಿದ್ದರೂ ಇದೇ ಚಿತ್ರ ಬರುತ್ತದೆ ಅಲ್ವಾ?

ರಕ್ತದ ವಿಷಯ ಇನ್ನೊಂದು. ಹಿಮೋಗ್ಲೋಬಿನ್ 415ರ ಆಸುಪಾಸಿನಲ್ಲೇ, ಅಂದರೆ ನಾವು ಓದುವ 405ರ ಪಕ್ಕದಲ್ಲೇ, ಬೆಳಕನ್ನು ಜೋರಾಗಿ ಹೀರುತ್ತದೆ. ಕಿಟ್ ಜೊತೆಗೆ ಬಂದ ಹಾಳೆಯಲ್ಲಿ ಈ ಮಾತೇ ಇಲ್ಲ. ಅದನ್ನು ಸೀರಮ್ (ರಕ್ತಕಣಗಳಿಲ್ಲದ ರಕ್ತದ ತಿಳಿ) ಮನಸ್ಸಿನಲ್ಲಿಟ್ಟುಕೊಂಡು ಬರೆದ ಹಾಗಿದೆ. ತುಣುಕನ್ನು ತಣ್ಣನೆಯ ಬಫರ್‌ನಲ್ಲಿ ಚೆನ್ನಾಗಿ ತೊಳೆಯಿರಿ. ಪ್ರತಿ ಸ್ಯಾಂಪಲ್‌ಗೂ ಸಬ್‌ಸ್ಟ್ರೇಟ್ ಹಾಕದ ವೆಲ್ ಒಂದಿರಲಿ. ಕೊನೆಯ ಒಂದು ರೀಡಿಂಗ್ ನಂಬುವ ಬದಲು ನಿಮಿಷ ನಿಮಿಷಕ್ಕೂ ಓದಿ, ಏರುವ ವೇಗವನ್ನು ತೆಗೆದುಕೊಳ್ಳಿ. ತುಣುಕುಗಳನ್ನು ಹೋಲಿಸಲು ಬೇಕಾದ ಪ್ರೋಟೀನ್ ಅಳತೆಗೆ ಬಿಸಿಎ ವಿಧಾನ ಒಳ್ಳೆಯದು, ಟ್ರೈಟಾನ್ (ಸೋಪಿನಂಥ ಡಿಟರ್ಜೆಂಟ್) ಇದ್ದರೆ ಬ್ರಾಡ್‌ಫರ್ಡ್ ವಿಧಾನ ಕೈಕೊಡುತ್ತದೆ.

ಲಿವರ್‌ನಲ್ಲಿ ಲೈಪೇಸ್ ಅನ್ನುವುದು ಒಂದೇ ಅಲ್ಲ. ಜೀವಕೋಶದೊಳಗಿನ ಕಸ ಒಡೆಯುವ ಚೀಲವಾದ ಲೈಸೋಸೋಮಿನ ಆಸಿಡ್ ಲೈಪೇಸ್ ಪಿಎಚ್ 5ರ ಸುತ್ತ ಕೆಲಸ ಮಾಡುತ್ತದೆ. ಅಲ್ಲಿ ಹಳದಿ ಕೊಡಬೇಕಾದ ನೈಟ್ರೋಫಿನಾಲ್‌ಗೆ ಬಣ್ಣವೇ ಇರುವುದಿಲ್ಲ, ಹಾಗಾಗಿ ಈ ಕಿಟ್ ಅದನ್ನು ನೋಡುವುದೇ ಇಲ್ಲ. ಹೆಪಾಟಿಕ್ ಲೈಪೇಸ್ ಮತ್ತು ಲೈಪೋಪ್ರೋಟೀನ್ ಲೈಪೇಸ್ ಬೇರ್ಪಡಿಸಲು ಟ್ರಯೋಲಿನ್ ಅನ್ನುವ ನಿಜವಾದ ಕೊಬ್ಬಿನ ಎಮಲ್ಷನ್ ಹಾಕಿ, 1 ಮೋಲಾರ್ ಉಪ್ಪು ಸೇರಿಸುವ ಹಳೆಯ ಉಪಾಯವಿದೆ. ಉಪ್ಪಿಗೆ ಎರಡನೆಯದು ಸುಮ್ಮನಾಗುತ್ತದೆ, ಮೊದಲನೆಯದು ತಡೆದುಕೊಳ್ಳುತ್ತದೆ. ದೊಡ್ಡವರ ಆರೋಗ್ಯವಂತ ಲಿವರ್‌ನಲ್ಲಿ ಲೈಪೋಪ್ರೋಟೀನ್ ಲೈಪೇಸ್ ತೀರಾ ಕಡಿಮೆ. ಅದು ಗಡ್ಡೆಯಲ್ಲಿ ಕಂಡರೆ ಅದೇ ದೊಡ್ಡ ಸುದ್ದಿ. ಆ ಸುದ್ದಿ ಈ ಪೆಟ್ಟಿಗೆಯಿಂದ ಸಿಗುವುದಿಲ್ಲ.

ಕಿಟ್‌ಗೆ ಸಂಬಂಧವಿಲ್ಲದ ಒಂದು ಮಾತು. ಗಡ್ಡೆಯ ಪಕ್ಕದಿಂದ ಕತ್ತರಿಸಿದ್ದನ್ನು ‘ಆರೋಗ್ಯವಂತ’ ಅಂತ ಬರೆಯಬೇಡಿ. ಲಿವರ್ ಕ್ಯಾನ್ಸರ್ ಬಹುಪಾಲು ಸಿರೋಸಿಸ್ ಆದ (ಗಾಯದ ಕಲೆ ಕಟ್ಟಿ ಗಟ್ಟಿಯಾದ) ಲಿವರ್‌ನಲ್ಲೇ ಹುಟ್ಟುತ್ತದೆ, ಪಕ್ಕದ ತುಣುಕಿಗೂ ಆ ಸಿರೋಸಿಸ್ ಇರುತ್ತದೆ.

ಶುದ್ಧ ಕಿಣ್ವ ಅಳೆಯುವವರಿಗೆ ಇದು ಐದಕ್ಕೆ ನಾಲ್ಕು ಸ್ಟಾರ್. ಲಿವರ್ ತುಣುಕಿಗೆ ಎರಡು. ನಾವು ಮುಂದಿನ ಆರ್ಡರ್‌ನಲ್ಲಿ ಪಾಲ್ಮಿಟೇಟ್ ಇರುವುದನ್ನು ಕೇಳಿದ್ದೇವೆ. ಅದು ನೀರಿನಲ್ಲಿ ಕರಗದೆ ಮಂಜು ಮಂಜಾಗಿ ಕಾಡಿಸುತ್ತದೆ, ಟ್ರೈಟಾನ್ ಮತ್ತು ಗಮ್ ಅರೇಬಿಕ್ ಇಟ್ಟುಕೊಂಡೇ ಕೂರಬೇಕು. ಆದರೂ 16 ಕಾರ್ಬನ್ ಇದೆಯಲ್ಲ, ಆ ಕಾಟ ಪರವಾಗಿಲ್ಲ.